ಜಿಪಾರಳ ಹುಳಿ ಸೇಬಿನ ಸಾಲು

ನಮ್ಮ ಓಣಿಯಲ್ಲಿ ಸೇಬಿನ ತೋಟವಿಲ್ಲದ ಮನೆ ನಮ್ಮದೊಂದೇ. ನಾವು ಹಸು ಕಟ್ಟಿಕೊಂಡವರು. ಉದುರಿದ ಹಣ್ಣು, ಹುಳುಕು ಹಣ್ಣು, ಆಲಿಕಲ್ಲಿನ ಪೆಟ್ಟು ತಿಂದ ಹಣ್ಣು ಎಲ್ಲವೂ ಕೊನೆಗೆ ನಮ್ಮ ಕೊಟ್ಟಿಗೆಗೇ ಬಂದು ಬೀಳುತ್ತವೆ. ಹಣ್ಣಿನ ಹಿಂದೆಯೇ ಮಾತೂ ಬರುತ್ತದೆ. ಸೇಬಿನ ವಿಷಯಕ್ಕೆ ಯಾರು ಯಾರ ಮೇಲೆ ಮುನಿಸಿಕೊಂಡರೂ ನಾನು ಹಾಲು ಕರೆಯುವ ಹೊತ್ತಿಗೆ ಬಂದು, ಬಾಗಿಲ ಚೌಕಟ್ಟಿಗೆ ಒರಗಿ ನಿಂತು, ಹೇಳಿಕೊಂಡು ಹೋಗುತ್ತಾರೆ. ಜಿಪಾರಳ ಕಥೆ ನನಗೆ ತಿಳಿದದ್ದು ಹೀಗೆ. ಅರ್ಧ ಅವಳ ಬಾಯಿಂದ ಕೇಳಿದ್ದು, ಅರ್ಧ ಕಣ್ಣಾರೆ ಕಂಡದ್ದು.

ಜಿಪಾರ್ ನನಗಿಂತ ಹತ್ತು ವರ್ಷಕ್ಕೆ ದೊಡ್ಡವಳು. ಅಗಲ ಮುಖ, ಬಿರುಸು ನಡಿಗೆ, ತಲೆಗೆ ಯಾವಾಗಲೂ ಹಸಿರು ಬಟ್ಟೆ. ಓಣಿಗೆಲ್ಲ ಅಕ್ಕನಂತಿದ್ದ ಅವಳನ್ನು ಚಿಕ್ಕವರು ದೊಡ್ಡವರೆನ್ನದೆ ಎಲ್ಲರೂ ‘ಎಜೆ’ ಎಂದೇ ಕರೆಯುತ್ತಿದ್ದರು. ಗಂಡ ಎಸೆನ್ ಹಿಂದೆ ಸಾಮೂಹಿಕ ಬೇಸಾಯದ ಕಾಲದಲ್ಲಿ ಟ್ರ್ಯಾಕ್ಟರ್ ಓಡಿಸುತ್ತಿದ್ದವನು. ಮಾತು ಕಡಿಮೆ, ಚಹಾ ಜಾಸ್ತಿ.

ಆ ಸಾಮೂಹಿಕ ಬೇಸಾಯ ಮುರಿದುಬಿದ್ದು ಜಮೀನನ್ನು ಮನೆಮನೆಗೆ ಹಂಚಿದಾಗ ಎಲ್ಲರೂ ಚೀಟಿ ಎತ್ತಿದ್ದರು. ಎಸೆನ್‌ಗೆ ಬಂದದ್ದು ಕಾಲುವೆ ಪಕ್ಕದ ಪಟ್ಟಿ. ಅದರ ಅಂಚಿಗೆ, ಸರೋವರದ ಕಡೆಯಿಂದ ಬೀಸುವ ಗಾಳಿಗೆ ತಡೆಯಾಗಲೆಂದು ಯಾವ ಕಾಲದಲ್ಲೋ ನೆಟ್ಟ ಹುಳಿ ಸೇಬಿನ ಮರಗಳ ಒಂದು ಸಾಲಿತ್ತು. ಹಣ್ಣು ಅಕ್ರೋಟಿನಷ್ಟು ದಪ್ಪ, ಕಚ್ಚಿದರೆ ಕಣ್ಣು ಮುಚ್ಚಿಹೋಗುವಷ್ಟು ಹುಳಿ. ಅಳೆಯಲು ಬಂದವನು ಕನಿಕರಪಟ್ಟು, “ಆ ಸಾಲು ಲೆಕ್ಕಕ್ಕಿಲ್ಲ, ಹಂಗೇ ಇಟ್ಕೊಳ್ಳಿ,” ಎಂದು ಅಳತೆಯಿಂದ ಬಿಟ್ಟುಬಿಟ್ಟ. ಹಾಗೆ ಜಿಪಾರಳ ಪಟ್ಟಿ ಉಳಿದವರದಕ್ಕಿಂತ ಒಂದು ಸಾಲು ಅಗಲವಾಯಿತು. ಓಣಿಯವರು ನಕ್ಕರು. ಜಿಪಾರ್ ಹಣ್ಣುಗಳನ್ನು ಹೋಳು ಮಾಡಿ ಛಾವಣಿಯ ಮೇಲೆ ಒಣಗಿಸಿ, ಪಾನಕ ಕಾಯಿಸಲು ಕೊಳ್ಳುವವರಿಗೆ ಕರಾಕೋಲ್ ಪೇಟೆಯಲ್ಲಿ ಮಾರುತ್ತಿದ್ದಳು. ಚಳಿಗಾಲದ ಚಹಾಪುಡಿ, ಸಕ್ಕರೆಗೆ ಸರಿಹೋಗುತ್ತಿತ್ತು. ಅಷ್ಟೇ ಅದರ ಆದಾಯ.

ಆಮೇಲೆ ನಮ್ಮೂರಿಗೆ ಗಾಲಾ ಎಂಬ ಹೊಸ ಜಾತಿಯ ಸೇಬು ಬಂತು. ತಂದವನು ಶೇರಾಲಿ, ಲಾರಿಯಲ್ಲಿ ಹಣ್ಣು ತುಂಬಿಕೊಂಡು ಗಡಿ ದಾಟಿ ಮಾರುವ ವ್ಯಾಪಾರಿ. “ನಿಮ್ಮ ಮನೇಲಿ ಒಂದು ಮರ ಕೆಂಪು, ಒಂದು ಹಳದಿ, ಒಂದು ಗುಂಡಗೆ, ಒಂದು ಸೊಟ್ಟಗೆ. ಇದನ್ನ ನಾನ್ಯಾರಿಗೆ ಮಾರ್ಲಿ? ಅಲ್ಲಿಯವರಿಗೆ ಒಂದೇ ಬಣ್ಣ ಬೇಕು, ಒಂದೇ ಗಾತ್ರ ಬೇಕು,” ಎಂದ. ಮಾತು ನಿಜವೇ ಆಗಿತ್ತು. ಗಾಲಾ ಹಾಕಿದವರಿಗೆ ಕಿಲೋಗೆ ದುಪ್ಪಟ್ಟು ಬೆಲೆ ಸಿಕ್ಕಿತು. ಒಂದೊಂದೇ ಮನೆಯವರು ಹಿತ್ತಲಿನ ಹಳೆಯ ಮರಗಳನ್ನು ಕಡಿದು ಗಾಲಾ ಸಸಿ ನೆಟ್ಟರು. ಪಕ್ಕದ ಮನೆಯ ತಾಲಾಯ್ ಅಂತೂ, ಅವರಪ್ಪ ನೆಟ್ಟಿದ್ದ, ಒಂದು ಹಣ್ಣು ಕೊಯ್ದರೆ ಇಬ್ಬರು ತಿನ್ನಬಹುದಾಗಿದ್ದ ದೊಡ್ಡ ಸೇಬಿನ ಮರಗಳನ್ನೂ ಬಿಡಲಿಲ್ಲ. ಜಿಪಾರಳೂ ತನ್ನ ಪಟ್ಟಿಯ ತುಂಬ ಗಾಲಾವನ್ನೇ ಹಾಕಿದಳು. ಹುಳಿ ಸೇಬಿನ ಸಾಲು ಮಾತ್ರ, ಯಾರಿಗೂ ಅಡ್ಡವಿಲ್ಲವೆಂದು, ಹಾಗೇ ಉಳಿಯಿತು.

ಒಂದು ವರ್ಷ ಹುಳುವಿನ ಕಾಟ ಬಂತು. ಶೇರಾಲಿ ತಾಲಾಯ್‌ನ ಅಂಗಳದಲ್ಲಿ ಕ್ರೇಟಿನಿಂದ ಒಂದು ಹಣ್ಣು ತೆಗೆದು ಚಾಕುವಿನಿಂದ ಸೀಳಿದ. ಒಳಗೆ ಹುಳು. ಇನ್ನೊಂದು ಸೀಳಿದ. ಅದರಲ್ಲೂ ಹುಳು. “ಮುಂದಿನ ವರ್ಷ ಹಿಂಗೇ ಆದ್ರೆ ನಾನು ಈ ಓಣಿಗೆ ಲಾರಿ ತಿರುಗ್ಸಲ್ಲ. ಯಾವುದೋ ಹಳೇ ಮರದಿಂದ ಹಬ್ತಿದೆ, ನೋಡ್ಕೊಳ್ಳಿ,” ಎಂದು ಹೇಳಿ ಹೋದ. ಹಳೆಯ ಮರ ಎಂದು ಓಣಿಯಲ್ಲಿ ಉಳಿದಿದ್ದುದು ಜಿಪಾರಳ ಸಾಲು ಮಾತ್ರ.

ಆ ವಾರವೇ ತಾಲಾಯ್ ನಾಲ್ಕು ಮನೆಯವರನ್ನು ಕಟ್ಟಿಕೊಂಡು ಅವಳಲ್ಲಿಗೆ ಹೋದ. ನಾನು ಕೆನೆ ಕೊಡಲು ಹೋದವಳು ಅಲ್ಲೇ ಕೂತಿದ್ದೆ. ಜಿಪಾರ್ ಎಲ್ಲರಿಗೂ ಬಟ್ಟಲಲ್ಲಿ ಚಹಾ ಬಗ್ಗಿಸಿ, ರೊಟ್ಟಿ ಮುರಿದಿಟ್ಟಳು.

“ಎಜೆ, ಬೇಜಾರು ಮಾಡ್ಕೋಬೇಡಿ,” ಎಂದ ತಾಲಾಯ್. “ಹುಳು ನಿಮ್ಮ ಸಾಲಿಂದ ಬರ್ತಿದೆ ಅಂತ ನಾನು ಹೇಳ್ತಿಲ್ಲ. ಶೇರಾಲಿ ಹೇಳ್ತಾನೆ.”

“ಶೇರಾಲಿ ಹುಳೂನ ಮಾತಾಡ್ಸಿದ್ನೇನೋ? ನಿಂದು ಯಾವ ಮನೆ ಅಂತ ಕೇಳಿದ್ನಾ?”

ಎಲ್ಲರೂ ನಕ್ಕರು. ತಾಲಾಯ್‌ಗೂ ನಗು ಬಂತು. ಆದರೂ ಬಿಡಲಿಲ್ಲ. “ಆ ಮರಕ್ಕೆ ನೀವು ಔಷಧಿ ಹೊಡೆಯಲ್ಲ ಎಜೆ.”

“ಒಣಗಿಸೋ ಹಣ್ಣಿಗೆ ಯಾರಾದ್ರೂ ವಿಷ ಹೊಡೀತಾರಾ?”

“ಅದನ್ನೇ ನಾನೂ ಹೇಳ್ತಿರೋದು. ಹೊಡೆಯಲ್ಲ, ಅದಕ್ಕೇ ಹುಳು ಅಲ್ಲಿ ಹಾಯಾಗಿದೆ. ನಿಮ್ಮ ಗಾಲಾನೂ ಕೆಡುತ್ತೆ, ನಮ್ಮದೂ ಕೆಡುತ್ತೆ. ಆ ಹುಳಿ ಹಣ್ಣಿಂದ ನಿಮಗೆ ಬರೋದಾದ್ರೂ ಏನು ಹೇಳಿ? ಚಹಾಪುಡಿ. ಚಹಾಪುಡಿ ನಾವು ಕೊಡಿಸ್ತೀವಿ.”

ಜಿಪಾರ್ ಗಂಡನ ಮುಖ ನೋಡಿದಳು. ಎಸೆನ್ ಬಟ್ಟಲಿನೊಳಕ್ಕೆ ನೋಡುತ್ತ, “ಇದ್ರೂ ನಡೆಯುತ್ತೆ, ಹೋದ್ರೂ ನಡೆಯುತ್ತೆ,” ಎಂದ. ಇದರಿಂದ ಅವಳಿಗೆ ಏನೂ ಸಹಾಯವಾಗಲಿಲ್ಲ. ಲಾರಿ ಬರದಿದ್ದರೆ ಓಣಿಯೆಲ್ಲ ತನ್ನನ್ನೇ ಬೈಯುತ್ತದೆ ಎಂಬ ಹೆದರಿಕೆಯೊಂದೇ ಅವಳಿಗೆ ಸ್ಪಷ್ಟವಾಗಿ ಕಂಡದ್ದು. ಒಪ್ಪಿದಳು.

ಸುಗ್ಗಿ ಮುಗಿದ ಮೇಲೆ ಎಲ್ಲರೂ ಸೇರಿ ಕಡಿದರು. ಯಂತ್ರದ ಗರಗಸ ತಾಲಾಯ್‌ನದು. ಜಿಪಾರ್ ಎಣ್ಣೆಯಲ್ಲಿ ಬೋರ್ಸೋಕ್ ಹಿಟ್ಟಿನುಂಡೆ ಕರಿದು, ಕುರಿ ಮಾಂಸದ ಸಾರು ಮಾಡಿ ಬಡಿಸಿದಳು, ಮದುವೆ ಮನೆಯಂತಿತ್ತು. ಬುಡದವರೆಗೆ ಕಡಿಯಬೇಕೆಂದು ತಾಲಾಯ್ ಅಂದರೆ, “ಬೇಲಿ ತಂತಿ ಕಟ್ಟೋಕೆ ಕಂಬ ಬೇಕು,” ಎಂದು ಎಸೆನ್ ಎಲ್ಲವನ್ನೂ ಸೊಂಟದೆತ್ತರಕ್ಕೆ ನಿಲ್ಲಿಸಿದ. ಸೌದೆಯನ್ನು ಓಣಿಗೆಲ್ಲ ಹಂಚಿದರು. ನಮಗೂ ಒಂದು ಹೊರೆ ಬಂತು.

ಮುಂದಿನ ವಸಂತದಲ್ಲಿ ಗಾಲಾ ಹೂಬಿಟ್ಟದ್ದನ್ನು ನಾನು ಮರೆಯುವುದಿಲ್ಲ. ಕೊಂಬೆ ಕಾಣದಷ್ಟು ಹೂವು. ತಾಲಾಯ್ ಆಗಲೇ ಹೊಸ ಕ್ರೇಟುಗಳಿಗೆ ಹೇಳಿಟ್ಟ. ಹೂವು ಉದುರಿತು. ಅದರ ಜಾಗದಲ್ಲಿ ಕಾಯಿ ಕಾಣಿಸಲಿಲ್ಲ. ಒಂದು ಕೊಂಬೆಗೆ ಒಂದು, ಎರಡು ಕೊಂಬೆಗೆ ಒಂದು. ಪುಟ್ಟ ತೊಟ್ಟುಗಳು ಹಳದಿಯಾಗಿ ಮುಟ್ಟಿದರೆ ಕಳಚಿ ಬೀಳುತ್ತಿದ್ದವು. ನಮ್ಮ ಓಣಿಯ ಎಲ್ಲ ತೋಟಗಳಲ್ಲೂ ಇದೇ ಕಥೆ. ಕಾಲುವೆಯ ಆಚೆ, ಮೇಲಿನ ಊರಿನಲ್ಲಿ ಮಾತ್ರ ಮರಗಳು ಕಾಯಿಯ ಭಾರಕ್ಕೆ ಬಾಗಿದ್ದವು.

ಒಬ್ಬರು ಇಬ್ಬನಿ ಹೆಪ್ಪುಗಟ್ಟಿದ್ದರಿಂದ ಅಂದರು. ಹಾಗಾದರೆ ಇನ್ನೂ ಎತ್ತರದಲ್ಲಿರುವ ಮೇಲಿನ ಊರಿನವರಿಗೇಕೆ ತಾಗಲಿಲ್ಲ? ಒಬ್ಬರು ಹೊಸ ಔಷಧಿಯಿಂದ ಅಂದರು. ಔಷಧಿಯನ್ನೇ ಹೊಡೆಯದ ಮುದುಕನ ತೋಟವೂ ಬರಿದಾಗಿತ್ತು. ಮಸೀದಿಯ ಗುರುಗಳು ಓಣಿಯಲ್ಲಿ ದಾನಧರ್ಮ ಕಡಿಮೆಯಾಯಿತು ಅಂದರು. ತಾಲಾಯ್ ಒಂದು ಕುರಿ ಕಡಿದು ಊಟ ಹಾಕಿಸಿದ. ಕಾಯಿ ಉದುರುವುದು ನಿಲ್ಲಲಿಲ್ಲ.

ಕೊನೆಗೆ ತಾಲಾಯ್, ಜಿಪಾರ್, ಎಸೆನ್ ಮೂವರೂ ಕರಾಕೋಲ್‌ಗೆ ಹೋಗಿ ಎಲ್ವಿರಾ ಎಂಬ ಬೇಸಾಯ ತಜ್ಞೆಯನ್ನು ಕಂಡರು. ಹಾಲು ಮಾರಲು ಹೊರಟಿದ್ದ ನಾನೂ ಅವರ ಗಾಡಿ ಹತ್ತಿದ್ದೆ. ಎಲ್ವಿರಾ ಇನ್ನೂ ಚಿಕ್ಕವಳು, ನೆಗಡಿಯಾಗಿ ಮೂಗು ಒರೆಸಿಕೊಳ್ಳುತ್ತಿದ್ದಳು. ಎಲ್ಲ ಕೇಳಿಸಿಕೊಂಡು, “ನಿಮ್ಮ ಓಣೀಲಿ ಗಾಲಾ ಬಿಟ್ರೆ ಬೇರೆ ಜಾತಿ ಸೇಬು ಯಾವುದಿದೆ?” ಎಂದಳು.

“ಯಾವುದೂ ಇಲ್ಲ. ಎಲ್ಲ ಶುದ್ಧ ಗಾಲಾ,” ಎಂದ ತಾಲಾಯ್ ಹೆಮ್ಮೆಯಿಂದ.

“ಅಲ್ಲೇ ಎಡವಿದ್ದು. ಸೇಬಿಗೆ ತನ್ನ ಜಾತಿಯ ಪರಾಗ ಕೂಡಿ ಬರಲ್ಲ. ಬೇರೆ ಜಾತಿ ಹೂವಿಂದ ಜೇನುನೊಣ ತಂದು ಹಾಕ್ಬೇಕು. ಹೋದ ವರ್ಷದವರೆಗೂ ಹತ್ತಿರದಲ್ಲಿ ಯಾವುದಾದ್ರೂ ಕಾಡು ಸೇಬೋ ಹುಳಿ ಸೇಬೋ ಇತ್ತಾ?”

ತಾಲಾಯ್ ಜಿಪಾರಳ ಕಡೆ ತಿರುಗಿದ. ಆಮೇಲೆ ಎಸೆನ್, “ಇತ್ತು. ಸುಟ್ಕೊಂಡ್ವಿ,” ಎಂದ.

“ಅದೇ ಕಾರಣ ಇರ್ಬಹುದು,” ಎಂದಳು ಎಲ್ವಿರಾ. ತಕ್ಷಣವೇ, “ಈ ವರ್ಷ ಹೂವಿನ ಹೊತ್ತಲ್ಲಿ ಚಳಿಯೂ ಇತ್ತು, ಜೇನೂ ಕಮ್ಮಿ ಓಡಾಡಿವೆ. ಇದೊಂದೇ ಅಂತ ನಾನು ಬರೆದುಕೊಡೋಕಾಗಲ್ಲ,” ಎಂದೂ ಸೇರಿಸಿದಳು. ಹುಳುವಿನ ವಿಚಾರ ಕೇಳಿದ್ದಕ್ಕೆ, “ಹುಳು ನಿಮ್ಮ ಕ್ರೇಟಿನ ಸಂದಿಯಲ್ಲೇ ಚಳಿಗಾಲ ಕಳೆಯುತ್ತೆ,” ಎಂದಳು.

ಪೇಟೆಯಲ್ಲಿ ಹುಳಿಖಾರದ ತಣ್ಣನೆ ಶಾವಿಗೆ ತಿನ್ನಲು ಕೂತಾಗ ಜಿಪಾರ್ ಬಟ್ಟಲು ಮುಟ್ಟಲಿಲ್ಲ. “ಹಂಗಾದ್ರೆ ಇಷ್ಟು ವರ್ಷ ಓಣಿಯೋರೆಲ್ಲ ನನ್ನ ಮರದಿಂದ ಉಂಡ್ರಾ?” ಎಂದಳು.

“ಹಂಗೇನಿಲ್ಲ,” ಎಂದ ತಾಲಾಯ್. “ಇರ್ಬಹುದು ಅಂದ್ಲು ಅಷ್ಟೆ.”

ಆದರೆ ಓಣಿಗೆ ಬಂದ ಮೇಲೆ ಅದೇ ತಾಲಾಯ್‌ನ ಬಾಯಲ್ಲಿ ಮಾತು ತಿರುಗಿತು. ಜಿಪಾರ್ ಎಜೆಯ ಸಾಲು ಹೋದದ್ದರಿಂದ ಎಲ್ಲರಿಗೂ ಏಟು ಬಿತ್ತು ಎಂದ. ಹೀಗೆ ಬಾಯಿಂದ ಬಾಯಿಗೆ ದಾಟುತ್ತ ಅದು, ಜಿಪಾರ್ ಸಾಲು ಕಡಿಸಿ ನಮ್ಮನ್ನು ಮುಳುಗಿಸಿದಳು ಎಂದಾಯಿತು. ಒಬ್ಬಳು ನನ್ನ ಕೊಟ್ಟಿಗೆಯ ಬಾಗಿಲಲ್ಲೇ ನಿಂತು, “ಅವಳಿಗೆ ಗೊತ್ತಿತ್ತು ಕಣೇ ಬೆರ್ಮೆತ್, ಗೊತ್ತಿದ್ದೂ ಬಾಯಿ ಬಿಡಲಿಲ್ಲ,” ಎಂದಳು. ಆ ದಿನ ಕಡಿಯುವಾಗ ಸಾರು ಕುಡಿದು ಎರಡನೇ ಸಲ ಬಟ್ಟಲು ಚಾಚಿದವಳು ಅವಳೇ.

ಜಿಪಾರ್‌ಗೆ ಇದು ತಿಳಿಯಿತು; ನೇರವಾಗಿ ತಾಲಾಯ್‌ನ ಅಂಗಳಕ್ಕೇ ಹೋದಳು.

“ಕಡೀರಿ ಅಂದೋರು ಯಾರೋ?”

“ನಾವೇ ಎಜೆ. ಅಲ್ಲ ಅಂದ್ನಾ?”

“ಗರಗಸ ಯಾರದು?”

“ನಂದೇ.”

“ಮತ್ತೆ ತಪ್ಪು ಹೆಂಗೆ ನಂದಾಗುತ್ತೆ?”

“ಮರ ನಿಮ್ದಲ್ವಾ ಎಜೆ? ನಾವು ಕೇಳೋದು ಕೇಳಿದ್ವಿ. ನೀವು ಆಗಲ್ಲ ಅನ್ಬಹುದಿತ್ತು.”

“ನಿಮ್ಮಪ್ಪನ ದೊಡ್ಡ ಸೇಬಿನ ಮರ ಎಲ್ಲೋ ಹೋಯ್ತು? ಅದೂ ಬೇರೆ ಜಾತೀನೇ ಅಲ್ವಾ? ನೀನು ಕಡಿದಾಗ ಯಾಕೆ ಯಾರೂ ಮುಳುಗಲಿಲ್ಲ?”

ತಾಲಾಯ್ ಕಾಲಿನಿಂದ ಒಂದು ಖಾಲಿ ಕ್ರೇಟನ್ನು ಪಕ್ಕಕ್ಕೆ ತಳ್ಳಿದ. “ಆಗ ನಿಮ್ದಿತ್ತಲ್ಲ,” ಎಂದ ಕೊನೆಗೆ.

ಜಿಪಾರ್ ಅಲ್ಲಿಂದ ನೇರ ನಮ್ಮನೆಗೆ ಬಂದಳು. ಅವಳ ಮುಖದಲ್ಲಿ ಸಿಟ್ಟಿಗಿಂತ ದಿಗಿಲೇ ಹೆಚ್ಚಿತ್ತು. “ಬೆರ್ಮೆತ್, ನೀನು ಸೇಬಿನ ಸಹವಾಸ ಇಲ್ಲದೋಳು, ನೀನು ಹೇಳು. ಎಲ್ಲರೂ ತಮ್ಮ ತಮ್ಮ ಮರ ಕಡ್ಕೊಂಡ್ರು. ನಾನು ಎಲ್ಲರಿಗಿಂತ ಕೊನೇಲಿ ಕಡಿದೆ. ಕೊನೇಲಿ ಕಡಿದಿದ್ದಕ್ಕೆ ನಾನು ಕಮ್ಮಿ ತಪ್ಪಿತಸ್ಥಳಾ, ಜಾಸ್ತಿ ತಪ್ಪಿತಸ್ಥಳಾ?” ಕರೆದ ಹಾಲನ್ನೇ ಒಂದು ಬಟ್ಟಲು ಕೊಟ್ಟೆ. ಕುಡಿದು ಹೋದಳು. ಆ ವರ್ಷ ಅವಳ ಗಾಲಾವೂ ಬರಿದೇ. ಒಣಗಿಸಲು ಹುಳಿ ಹಣ್ಣೂ ಇಲ್ಲ. ಎಸೆನ್ ಎರಡು ಕುರಿ ಮಾರಿದ.

ಬೇಸಿಗೆಯ ಕೊನೆಗೆ ಇನ್ನೊಂದು ವಿಚಿತ್ರವಾಯಿತು. ಫಸಲು ಇಲ್ಲದ ಓಣಿಗೂ ಶೇರಾಲಿ ಲಾರಿ ತಿರುಗಿಸಿ ಬಂದ. ಗಡಿಯಾಚೆ ಹಣ್ಣಿಗೆ ಅಭಾವವಂತೆ, ಕಿಲೋಗೆ ಹಿಂದೆಂದೂ ಕೊಡದ ಬೆಲೆ ಕೊಟ್ಟ. ಹುಳು ಇದೆಯೇ ಎಂದು ಸೀಳಿ ನೋಡಲೂ ಇಲ್ಲ. ಜಿಪಾರ್ ತನ್ನಲ್ಲಿದ್ದ ನಾಲ್ಕೈದು ಕ್ರೇಟ್ ಮಾರಿ ಕೈಗೆ ಬಂದ ನೋಟುಗಳನ್ನು ನೋಡಿ, “ಇಷ್ಟು ಬೆಲೆ ಇದ್ದಾಗ ಹಣ್ಣಿಲ್ಲ. ಹಣ್ಣಿದ್ದಾಗ ಇವನು ಹುಳು ಹುಡುಕ್ತಾನೆ,” ಎಂದು ಗೊಣಗಿದಳು.

ಮರುವರ್ಷ ಹೂವಿನ ಕಾಲ ಹತ್ತಿರ ಬಂದಾಗ ಎಲ್ವಿರಾ ಹೇಳಿಕಳಿಸಿದ್ದಳು: ಬೇರೆ ಜಾತಿಯ ಸೇಬಿನ ಹೂಬಿಟ್ಟ ಕೊಂಬೆಗಳನ್ನು ತಂದು, ನೀರು ತುಂಬಿದ ಬಕೆಟ್‌ಗಳಲ್ಲಿ ತೋಟದೊಳಗೆ ಅಲ್ಲಲ್ಲಿ ಇಡಿ. ಕೇಳಿದವರು ನಕ್ಕರು, ಆದರೆ ಬೇರೆ ದಾರಿಯಿರಲಿಲ್ಲ. ಕಣಿವೆಯಲ್ಲಿ ಕಾಡು ಸೇಬು ಎಲ್ಲಿ ಬೇಗ ಅರಳುತ್ತದೆಂದು ಜಿಪಾರ್‌ಗೆ ಗೊತ್ತಿತ್ತು. ಅವಳೂ ಎಸೆನ್‌ನೂ ಕುದುರೆ ಗಾಡಿಯಲ್ಲಿ ಹೋಗಿ ಕೊಂಬೆ ತುಂಬಿ ತಂದರು. ನಮ್ಮ ಹಾಲಿನ ಬಕೆಟ್‌ಗಳನ್ನೆಲ್ಲ ಓಣಿಯವರು ಹೊತ್ತೊಯ್ದರು. ಅದೇ ಹೊತ್ತಿಗೆ ತಾಲಾಯ್ ತನ್ನ ಭಾವನ ಜೇನುಪೆಟ್ಟಿಗೆಗಳನ್ನು ತರಿಸಿದ. ಬಿಸಿಲೂ ಚೆನ್ನಾಗಿ ಬಿತ್ತು. ಇಬ್ಬನಿ ಹೆಪ್ಪುಗಟ್ಟಲಿಲ್ಲ. ಜಿಪಾರಳ ಸಾಲಿನಲ್ಲಿ ಕಡಿದುಳಿದ ಮೊಂಡುಗಳ ಮೇಲೆ ಎದ್ದಿದ್ದ ಚಿಗುರಿನಲ್ಲೂ ಅಲ್ಲೊಂದು ಇಲ್ಲೊಂದು ಗೊಂಚಲು ಹೂವು ಕಂಡಿತು.

ಕಾಯಿ ಕಟ್ಟಿತು. ಚೆನ್ನಾಗಿಯೇ ಕಟ್ಟಿತು.

ಯಾವುದರಿಂದ? ತಾಲಾಯ್ ಜೇನಿನಿಂದ ಎಂದ. ಗುರುಗಳು ಹಿಂದಿನ ವರ್ಷದ ಕುರಿಯಿಂದ ಎಂದರು. ಬಿಸಿಲಿನಿಂದ ಎಂದವರೂ ಇದ್ದರು. ಎಜೆಯ ಕೊಂಬೆಗಳಿಂದ ಎಂದವರೂ ಇದ್ದರು. ಆದರೂ ಎಲ್ಲರಿಗೂ ಒಳಗೊಳಗೆ ಭಯ. ಹಾಗಾಗಿ ಸುಗ್ಗಿಗೆ ಮುಂಚೆ ಓಣಿಯವರು ಮತ್ತೆ ಜಿಪಾರಳ ಮನೆಯಲ್ಲಿ ಕೂಡಿದರು. ಈ ಸಲ ಅವರೇ ರೊಟ್ಟಿ, ಜಾಮು ತಂದಿದ್ದರು.

“ಮೊಂಡು ಚಿಗುರಿದೆಯಲ್ಲ, ಅದನ್ನ ಬೆಳೆಯೋಕೆ ಬಿಡಿ ಎಜೆ,” ಎಂದ ತಾಲಾಯ್. “ಸುಮ್ನೆ ಬೇಡ. ವರ್ಷಕ್ಕೆ ಮನೆಗೊಂದು ಕ್ರೇಟ್ ಹಣ್ಣಿನ ದುಡ್ಡು ಕೊಡ್ತೀವಿ.”

“ಯಾವುದಕ್ಕೆ?”

“ಹೂವಿಗೆ.”

“ಹೂವಿಗೆ ಬಾಡಿಗೇನಾ?” ಜಿಪಾರ್ ನಗುವುದೋ ಬೈಯುವುದೋ ತಿಳಿಯದೆ ಗಂಡನ ಕಡೆ ತಿರುಗಿದಳು. “ಕೇಳಿದ್ರಾ ಇವರ ಮಾತು? ಹೂವು ಬಿಡೋದು ಮರ. ಹೊತ್ತುಕೊಂಡು ಹೋಗೋದು ಜೇನು. ಮಧ್ಯ ನನಗ್ಯಾತಕ್ಕೆ ದುಡ್ಡು?”

“ಮರ ನಿಂತಿರೋ ನೆಲಕ್ಕೆ ಅನ್ಕೋ,” ಎಂದ ಎಸೆನ್.

“ಆ ನೆಲ ಲೆಕ್ಕಕ್ಕಿಲ್ಲ ಅಂದಿದ್ರಲ್ಲ ಅಳೆಯೋಕೆ ಬಂದೋರು!”

ಇಷ್ಟು ದಿನ ಬಿಟ್ಟಿ ಸಿಕ್ಕಿದ್ದಕ್ಕೆ ಈಗ ದುಡ್ಡು ತೆಗೆದುಕೊಂಡರೆ ಜನ ಏನಂದಾರು ಎಂಬ ಅಳುಕು ಒಂದು ಕಡೆ. ತೆಗೆದುಕೊಳ್ಳದಿದ್ದರೆ ನಾಳೆ ಮತ್ತೆ ಕಡಿ ಎಂದಾರು ಎಂಬುದು ಇನ್ನೊಂದು ಕಡೆ. ಅಂತೂ ಆಗಲಿ ಎಂದಳು. ಆ ವರ್ಷ ಎಲ್ಲರೂ ಮಾತಿನಂತೆ ಕೊಟ್ಟರು. ಅದರಲ್ಲಿ ಅವಳು ಎಸೆನ್‌ಗೊಂದು ಕೋಟು, ತನಗೆ ಬೂಟ್ಸು ಕೊಂಡಳು. ಬೂಟ್ಸು ಹಾಕಿಕೊಂಡು ಓಣಿಯಲ್ಲಿ ನಡೆಯಲು ಮಾತ್ರ ನಾಚಿಕೊಂಡಳು.

ಅದರ ಮರುವರ್ಷ ಎಲ್ಲ ಕಡೆಯೂ ಬಂಪರ್ ಬೆಳೆ. ಮೇಲಿನ ಊರು, ಕೆಳಗಿನ ಊರು, ಗಡಿಯಾಚೆ, ಎಲ್ಲೆಲ್ಲೂ ಸೇಬೇ ಸೇಬು. ಬೆಲೆ ಕುಸಿದುಹೋಯಿತು. ಶೇರಾಲಿ ಫೋನ್ ಎತ್ತಲಿಲ್ಲ. ಕ್ರೇಟುಗಟ್ಟಲೆ ಗಾಲಾ ನಮ್ಮ ಹಸುಗಳ ಹೊಟ್ಟೆಗೆ ಹೋಯಿತು; ಹಾಲೇ ಸೇಬಿನ ವಾಸನೆ ಹೊಡೆಯಿತು. ಹೂವಿನ ಬಾಡಿಗೆಯ ಮಾತನ್ನು ಯಾರೂ ಎತ್ತಲಿಲ್ಲ, ಜಿಪಾರಳೂ ಎತ್ತಲಿಲ್ಲ. ತಾಲಾಯ್ ಒಮ್ಮೆ ದಾರಿಯಲ್ಲಿ ಸಿಕ್ಕಾಗ, “ನಿಮ್ಮ ಹೂವು ಸ್ವಲ್ಪ ಜಾಸ್ತೀನೇ ಕೆಲಸ ಮಾಡ್ಬಿಡ್ತು ಎಜೆ,” ಎಂದು ನಕ್ಕ. ಅದು ತಮಾಷೆಯೋ ದೂರೋ ಅವಳಿಗೆ ತಿಳಿಯಲಿಲ್ಲ. ಆ ಶರತ್ಕಾಲದಲ್ಲಿ ತಾಲಾಯ್ ತನ್ನ ಗಾಲಾದ ಮಧ್ಯೆ ಬೇರೆ ಜಾತಿಯ ಸಸಿಗಳನ್ನು ನೆಟ್ಟ. ಅವನನ್ನು ನೋಡಿ ಉಳಿದವರೂ ನೆಟ್ಟರು. ಇನ್ನು ಯಾರಿಗೂ ಜಿಪಾರಳ ಸಾಲಿನ ಹಂಗಿಲ್ಲ.

ಎಸೆನ್, “ಈಗ ಆ ಚಿಗುರಿಗೆ ಗಾಲಾ ಕಸಿ ಕಟ್ಲಾ?” ಎಂದು ಕೇಳಿದ. ಅವಳು ಒಂದು ವಾರ ಹೌದು ಅಂದಳು, ಒಂದು ವಾರ ಬೇಡ ಅಂದಳು. ಎಸೆನ್ ಕಾದು ಕಾದು, ಅರ್ಧಕ್ಕೆ ಕಸಿ ಕಟ್ಟಿ ಅರ್ಧವನ್ನು ಹಾಗೇ ಬಿಟ್ಟ.

ಈ ವಸಂತದಲ್ಲಿ ಕಸಿ ಕಟ್ಟದೆ ಬಿಟ್ಟ ಮರಗಳು ಮೈತುಂಬ ಹೂಬಿಟ್ಟಿದ್ದವು. ಒಂದು ಬೆಳಿಗ್ಗೆ ಕೆಳಗಿನ ಊರಿನಿಂದ ಗುರುತಿಲ್ಲದ ಒಬ್ಬ ಕಾರು ನಿಲ್ಲಿಸಿ ಅವಳ ಬಾಗಿಲು ತಟ್ಟಿದ. ಅವನ ಊರಿನಲ್ಲೂ ಎಲ್ಲರೂ ಗಾಲಾ ಹಾಕಿಕೊಂಡು ಕೂತಿದ್ದಾರಂತೆ, ಬಕೆಟ್‌ನಲ್ಲಿಡಲು ಹೂವಿನ ಕೊಂಬೆ ಬೇಕಂತೆ. ಎಷ್ಟು ಎಂದು ಕೇಳಿದ. ಬಜಾರಿನಲ್ಲಿ ಕೊಂಬೆಗೆ ರೇಟಿಲ್ಲ, ಕೇಳೋಣವೆಂದರೆ ಎಸೆನ್ ಮನೆಯಲ್ಲಿಲ್ಲ. ಜಿಪಾರ್ ಬಾಯಿಗೆ ಬಂದದ್ದು ಹೇಳಿಬಿಟ್ಟಳು: ಕಾರಿನ ತುಂಬ ಕೊಂಬೆಗೆ ಒಂದು ಕುರಿಮರಿಯ ಬೆಲೆ. ಅವನು ಹ್ಞೂಂ ಎಂದು ನೋಟು ಎಣಿಸಿ ಕೊಟ್ಟು, ಕೊಂಬೆ ತುಂಬಿಕೊಂಡು, ಮುಂದಿನ ವಾರ ತಮ್ಮನನ್ನು ಕಳಿಸುತ್ತೇನೆಂದು ಹೇಳಿ ಹೊರಟೇಹೋದ.

ಅವಳು ನೋಟುಗಳನ್ನು ಕೈಯಲ್ಲೇ ಹಿಡಿದುಕೊಂಡು ನಮ್ಮ ಕೊಟ್ಟಿಗೆಗೆ ಓಡಿಬಂದಳು.

“ಅವನು ಚೌಕಾಸೀನೇ ಮಾಡಲಿಲ್ಲ ಬೆರ್ಮೆತ್!”

“ಒಳ್ಳೇದೇ ಆಯ್ತಲ್ಲ ಎಜೆ.”

“ಏನು ಒಳ್ಳೇದು? ಚೌಕಾಸಿ ಮಾಡಲಿಲ್ಲ ಅಂದ್ರೆ ನಾನು ಕಮ್ಮಿ ಕೇಳ್ಬಿಟ್ಟೆ ಅಂತ ಅಲ್ವಾ? ಇಲ್ಲಾ ಪಾಪ, ಗತಿಯಿಲ್ದೆ ಕೊಟ್ನಾ? ಮುಂದಿನ ವಾರ ತಮ್ಮ ಬಂದ್ರೆ ಜಾಸ್ತಿ ಹೇಳ್ಲಾ, ಇಷ್ಟೇ ಹೇಳ್ಲಾ? ಕಮ್ಮಿ ಹೇಳಿದ್ರೆ ಅಣ್ಣ ಬಂದು ಜಗಳ ತೆಗೀತಾನೆ. ಅಷ್ಟೊಂದು ಕೊಂಬೆ ಕಡಿದ್ರೆ ಈ ವರ್ಷ ನನ್ನ ಗಾಲಾಗೆ ಹೂವು ಉಳಿಯುತ್ತಾ?”

ನಾನು ಹಸುವಿನ ಕೆಚ್ಚಲು ಬಿಟ್ಟು ಎದ್ದು ನಿಂತೆ. “ಎಸೆನ್ ಅಣ್ಣನ್ನ ಕೇಳಿ ನೋಡಿ,” ಎಂದೆ.

“ಅವರನ್ನ ಕೇಳಿದ್ರೆ ಏನಂತಾರೆ ಅಂತ ನಿಂಗೊತ್ತಲ್ಲ,” ಎಂದಳು. “ಕೊಟ್ರೂ ನಡೆಯುತ್ತೆ, ಬಿಟ್ರೂ ನಡೆಯುತ್ತೆ ಅಂತಾರೆ.” ನೋಟುಗಳನ್ನು ಮಡಚಿ ಮೇಲಂಗಿಯ ಒಳಜೇಬಿಗೆ ಹಾಕಿಕೊಂಡಳು, ಮತ್ತೆ ಹೊರಗೆ ತೆಗೆದು ಒಮ್ಮೆ ನೋಡಿದಳು. ಆಮೇಲೆ, ಕೊಂಬೆ ಕಡಿಯುವ ಕತ್ತರಿಗೆ ಸಾಣೆ ಹಿಡಿಸಬೇಕು ಎನ್ನುತ್ತ ಮನೆಯ ಕಡೆ ನಡೆದಳು.